ಜಯನಗರದ 16, ಜಾರ್ಜಿಯಾದ 11,780

2024ರ ನರಕ ಚತುರ್ದಶಿ ದಿನ ಬೆಳಗ್ಗೆ ಎಣ್ಣೆ ಸ್ನಾನ ಮುಗಿಸಿ ಜಯನಗರದ ಮನೆಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದೆವು. ಅಕ್ಕನ ವಿಡಿಯೊ ಕಾಲ್ ಬಂತು. ಅವಳಿರೋದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ, ಅಲ್ಲಿ ಇನ್ನೂ ಹಿಂದಿನ ರಾತ್ರಿ. ಹಬ್ಬದ ಮಾತು ಐದು ನಿಮಿಷಕ್ಕೆ ಮುಗಿಯಿತು. ಆಮೇಲೆ ಮುಕ್ಕಾಲು ಗಂಟೆ ಬರೀ ಟ್ರಂಪ್. ಚುನಾವಣೆಗೆ ಇನ್ನು ಐದೇ ದಿನ ಇತ್ತು.

ಫೋನಿನ ಆ ಕಡೆ ಮೂರು ಜನ. ಭಾವ ಟ್ರಂಪ್ ಕಡೆ. ಅಕ್ಕ ಆ ಹೆಸರು ಎತ್ತಿದರೆ ಉರಿದುಬೀಳುತ್ತಾಳೆ. ಇಬ್ಬರ ಮಧ್ಯೆ ಭಾವನ ತಮ್ಮ. ಪೆನ್ಸಿಲ್ವೇನಿಯಾದಲ್ಲಿದ್ದಾನೆ, ಆ ವರ್ಷವಷ್ಟೇ ಪೌರತ್ವ ಸಿಕ್ಕಿತ್ತು, ಮೊದಲ ಸಲ ಅಧ್ಯಕ್ಷರಿಗೆ ಓಟು ಹಾಕೋನು. ಶಿವಮೊಗ್ಗ ಕಡೆಯವರು, ಹಾಗಾಗಿ ಮಾತು ಹೀಗೆ ಬಂತು: "ಟ್ರಂಪ್‌ಗೆ ಹಾಕ್ಬೇಕಾ ಬೇಡ್ವಾ ಅಂತ ಒಂದು ತಿಂಗಳಿಂದ ತಲೆ ಕೆಟ್ಟುಹೋಗಿದೆ ಮಾರಾಯ. ನೀನಾದ್ರೂ ಹೇಳು."

ನಾನು ಬಾಯಿ ತೆಗೆಯೋಕೆ ಮುಂಚೆ ಅಪ್ಪ ತೀರ್ಪು ಕೊಟ್ಟರು. "ಎಲ್ರೂ ಕಳ್ರೇ ಕಣಪ್ಪ. ಅದ್ರಲ್ಲಿ ಕೆಲ್ಸ ಮಾಡೋ ಕಳ್ಳನ್ನ ಆರಿಸ್ಕೋ."

ನಮ್ಮೂರಲ್ಲಿ ಅರ್ಧ ಜನ ಓಟು ಹಾಕೋದು ಇದೇ ಲೆಕ್ಕದಲ್ಲಿ. ರಸ್ತೆ ಮಾಡಿಸಿದ, ನೀರು ಬಿಡಿಸಿದ, ತಿಂದರೆ ತಿನ್ನಲಿ ಬಿಡು. ಇದನ್ನ ದಡ್ಡತನ ಅಂತ ನಾನು ಹೇಳಲ್ಲ. ಕಾರ್ಪೊರೇಟರ್ ಮಟ್ಟಕ್ಕೆ ಒಂದು ಮಟ್ಟಿಗೆ ನಡೆಯುತ್ತದೆ ಕೂಡ. ಆದರೆ ಅಮೆರಿಕದ ಅಧ್ಯಕ್ಷರ ವಿಷಯಕ್ಕೆ ಇದೇ ತಕ್ಕಡಿ ಸಾಕಾ ಅನ್ನೋದು ಅವತ್ತಿಂದ ನನ್ನ ತಲೆ ಕೊರೆಯುತ್ತಿದೆ.

ಮೊದಲು ಒಂದು ಸಣ್ಣ ವಿಷಯ ಮುಗಿಸಿಬಿಡೋಣ. ಆ ಮೂವರ ಓಟಿನ ತೂಕ ಒಂದೇ ಅಲ್ಲ. ಅಲ್ಲಿ ಅಧ್ಯಕ್ಷರನ್ನು ಆರಿಸೋದು ಒಟ್ಟು ಓಟಿನ ಲೆಕ್ಕದಲ್ಲಲ್ಲ. ಒಂದೊಂದು ರಾಜ್ಯಕ್ಕೂ ಇಷ್ಟು ಅಂತ ಎಲೆಕ್ಟರ್‌ಗಳಿದ್ದಾರೆ, ಒಟ್ಟು 538, ಗೆಲ್ಲೋಕೆ 270 ಬೇಕು, ಹೆಚ್ಚುಕಮ್ಮಿ ಎಲ್ಲ ರಾಜ್ಯದಲ್ಲೂ ಒಂದು ಓಟು ಜಾಸ್ತಿ ಬಂದವರಿಗೆ ಆ ರಾಜ್ಯದ ಅಷ್ಟೂ ಎಲೆಕ್ಟರ್‌ಗಳು ಹೋಗುತ್ತಾರೆ. 2016ರಲ್ಲಿ ಟ್ರಂಪ್‌ಗೆ ಹಿಲರಿ ಕ್ಲಿಂಟನ್‌ಗಿಂತ 28 ಲಕ್ಷಕ್ಕೂ ಜಾಸ್ತಿ ಓಟು ಕಮ್ಮಿ ಬಂದಿತ್ತು, ಆದರೂ ಗೆದ್ದರು. ನ್ಯೂಜೆರ್ಸಿ ಡೆಮಾಕ್ರಟಿಕ್ ಪಕ್ಷದ ಕೋಟೆ. ಅಲ್ಲಿ ಭಾವ ಯಾರಿಗೆ ಒತ್ತಿದರೂ 14 ಎಲೆಕ್ಟರ್‌ಗಳು ಆ ಕಡೆಗೇ. ಡೆಲವೇರ್ ನದಿ ದಾಟಿ ಪೆನ್ಸಿಲ್ವೇನಿಯಾಕ್ಕೆ ಹೋದರೆ 19 ಎಲೆಕ್ಟರ್‌ಗಳು ತೂಗುಯ್ಯಾಲೆಯಲ್ಲಿ. 2016ರಲ್ಲಿ ಟ್ರಂಪ್ ಅಲ್ಲಿ ಗೆದ್ದಿದ್ದು ಸುಮಾರು 44 ಸಾವಿರ ಓಟಿನಿಂದ. ಅಂದರೆ ಜೋರಾಗಿ ಜಗಳ ಆಡುತ್ತಿದ್ದ ಇಬ್ಬರ ಓಟಿಗಿಂತ, ಮಧ್ಯದಲ್ಲಿ ಸುಮ್ನೆ ಚಕ್ಕುಲಿ ತಿನ್ನುತ್ತಿದ್ದವನ ಓಟಿಗೇ ಬೆಲೆ ಜಾಸ್ತಿ ಇತ್ತು.

ಒಂದು ಓಟಿನಿಂದ ಏನಾಗುತ್ತೆ ಅಂತ ಕೇಳೋರು ನಮ್ಮ ಏರಿಯಾಗೆ ಬರಬೇಕು. 2023ರ ವಿಧಾನಸಭಾ ಚುನಾವಣೆಯಲ್ಲಿ ಜಯನಗರದಲ್ಲಿ ಮರುಎಣಿಕೆ ಮೇಲೆ ಮರುಎಣಿಕೆ ಆಗಿ, ರಾತ್ರಿವರೆಗೆ ಗಲಾಟೆ ನಡೆದು, ಕೊನೆಗೆ ಬಿಜೆಪಿಯ ಸಿ.ಕೆ. ರಾಮಮೂರ್ತಿ ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಎದುರು 16 ಓಟಿನಿಂದ ಗೆದ್ದರು. ಹದಿನಾರು! ನಮ್ಮ ಬಿಲ್ಡಿಂಗಿನಲ್ಲೇ ಅದಕ್ಕಿಂತ ಜಾಸ್ತಿ ಓಟುಗಳಿವೆ. ನಾನು ಅವತ್ತು ಓಟು ಹಾಕಿರಲಿಲ್ಲ. ಬುಧವಾರದ ರಜೆಗೆ ಎರಡು ದಿನ ಸೇರಿಸಿಕೊಂಡು ಸಕಲೇಶಪುರದ ಹೋಂಸ್ಟೇಯಲ್ಲಿ ಕೂತಿದ್ದೆ. ಅಮೆರಿಕದವರಿಗೆ ಬುದ್ಧಿ ಹೇಳೋಕೆ ಹೊರಟವನ ಯೋಗ್ಯತೆ ಇದು, ಮೊದಲೇ ಹೇಳಿಬಿಡುತ್ತೇನೆ.

ಇನ್ನು ಟ್ರಂಪ್. ಇಲ್ಲಿ ಎಲ್ಲರೂ ಮಾಡೋ ತಪ್ಪು ಏನಂದರೆ, ಅವರ ಮೇಲಿರೋ ದೂರುಗಳನ್ನೆಲ್ಲ ಒಂದೇ ಮೂಟೆಗೆ ತುಂಬಿ, ಒಟ್ಟಿಗೆ ಹೊರೋದು ಇಲ್ಲ ಒಟ್ಟಿಗೆ ಬಿಸಾಡೋದು. ಬಾಯಿಗೆ ಬಂದ ಹಾಗೆ ಮಾತಾಡುತ್ತಾರೆ ಅನ್ನೋದೂ ಅದೇ ಮೂಟೆಯಲ್ಲಿ, ಕೋರ್ಟು ಕೇಸುಗಳೂ ಅಲ್ಲೇ, ಸೋತಾಗ ಮಾಡಿದ್ದೂ ಅಲ್ಲೇ. ಮೂಟೆ ಬಿಚ್ಚಿ ಒಂದೊಂದಾಗಿ ತೂಗಬೇಕು.

ಬಾಯಿ ವಿಷಯಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳಲ್ಲ. ನಮ್ಮ ವಿಧಾನಸಭೆಯ ಕಲಾಪ ನೋಡಿಕೊಂಡು ಬೆಳೆದವರು ನಾವು.

ಕೇಸುಗಳು ಹಾಗಲ್ಲ. 2023ರಲ್ಲಿ ನ್ಯೂಯಾರ್ಕಿನ ಸಿವಿಲ್ ಜ್ಯೂರಿಯೊಂದು, ಲೇಖಕಿ ಇ. ಜೀನ್ ಕ್ಯಾರಲ್ ಮೇಲೆ ಟ್ರಂಪ್ ಲೈಂಗಿಕ ದೌರ್ಜನ್ಯ ಎಸಗಿದ್ದಾರೆ, ಮಾನಹಾನಿಯನ್ನೂ ಮಾಡಿದ್ದಾರೆ ಅಂತ ಹೇಳಿ 50 ಲಕ್ಷ ಡಾಲರ್ ಕಟ್ಟಿಸಲು ತೀರ್ಮಾನಿಸಿತು. 2024ರ ಮೇ 30ರಂದು ಇನ್ನೊಂದು ಜ್ಯೂರಿ, ವ್ಯವಹಾರದ ದಾಖಲೆ ತಿದ್ದಿದ 34 ಆರೋಪಗಳಲ್ಲೂ ಅವರು ಅಪರಾಧಿ ಅಂತ ಹೇಳಿತು. ಗಾಂಧಿ ಬಜಾರಿನಲ್ಲಿ ಬೈಟು ಕಾಫಿ ಕುಡಿಯುವಾಗ ಸ್ನೇಹಿತನೊಬ್ಬ ಕೇಳಿದ್ದ, ಅಪರಾಧಿ ಆದಮೇಲೂ ಹೆಂಗೆ ನಿಲ್ತಾರೆ ಅಂತ. ಅಲ್ಲಿ ನಿಲ್ಲಬಹುದು. ಅವರ ಸಂವಿಧಾನ ಅಧ್ಯಕ್ಷರಿಗೆ ಕೇಳೋದು ಮೂರೇ: ಹುಟ್ಟಿನಿಂದ ಪ್ರಜೆ ಆಗಿರಬೇಕು, 35 ವರ್ಷ ತುಂಬಿರಬೇಕು, ಆ ದೇಶದಲ್ಲಿ 14 ವರ್ಷ ವಾಸ ಇರಬೇಕು. 1920ರಲ್ಲಿ ಯೂಜೀನ್ ಡೆಬ್ಸ್ ಅನ್ನೋ ಸಮಾಜವಾದಿ ನಾಯಕ ಅಟ್ಲಾಂಟಾದ ಜೈಲಿನಲ್ಲಿ ಕೂತೇ ಸ್ಪರ್ಧಿಸಿ 9 ಲಕ್ಷಕ್ಕೂ ಜಾಸ್ತಿ ಓಟು ತಗೊಂಡಿದ್ದರು.

ನಮ್ಮಲ್ಲಿ ಕಾನೂನು ಬೇರೆ. ಎರಡು ವರ್ಷ ಅಥವಾ ಜಾಸ್ತಿ ಶಿಕ್ಷೆ ಆದರೆ ಶಾಸಕ ಸ್ಥಾನ ಹೋಗುತ್ತದೆ, ಬಿಡುಗಡೆ ಆದಮೇಲೂ ಆರು ವರ್ಷ ನಿಲ್ಲೋ ಹಾಗಿಲ್ಲ. ಮೊದಲು ಅಪೀಲಿಗೆ ಅಂತ ಮೂರು ತಿಂಗಳ ರಕ್ಷಣೆ ಇತ್ತು, ಅದನ್ನೂ 2013ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು. ಮುಂದಿನ ವರ್ಷವೇ ಅದರ ಬಿಸಿ ಮುಟ್ಟಿದ್ದು ಜಯಲಲಿತಾಗೆ, ಅದೂ ನಮ್ಮ ಪರಪ್ಪನ ಅಗ್ರಹಾರದಲ್ಲಿ. ವಿಶೇಷ ಕೋರ್ಟಿನ ತೀರ್ಪು ಬಂದ ದಿನವೇ ಮುಖ್ಯಮಂತ್ರಿ ಕುರ್ಚಿ ಹೋಯಿತು, ಎಂಟು ತಿಂಗಳಾಗುವ ಮುಂಚೆಯೇ ಕರ್ನಾಟಕ ಹೈಕೋರ್ಟ್ ಖುಲಾಸೆ ಮಾಡಿತು, ಅವರು ವಾಪಸ್ ಬಂದರು. ಯಾವ ಪದ್ಧತಿ ಸರಿ? ನಮ್ಮದರಲ್ಲಿ ಕೋರ್ಟು ಬಾಗಿಲು ಹಾಕುತ್ತದೆ, ಅಲ್ಲಿ ಆ ಕೆಲಸವನ್ನು ಮತದಾರನ ತಲೆಗೆ ಕಟ್ಟಿದ್ದಾರೆ. ಹಾಗಾಗಿ "ಕೋರ್ಟೇ ನಿಲ್ಲೋಕೆ ಬಿಟ್ಟಿದೆಯಲ್ಲ, ಇನ್ನೇನು" ಅನ್ನೋ ಭಾವನ ಮಾತು ನಡೆಯಲ್ಲ. ಕೋರ್ಟು ಬಿಟ್ಟಿರೋದೇ, ಭಾವ, ನೀವು ನೋಡಿಕೊಳ್ಳಿ ಅಂತ.

ಭಾವನ ಬೇರೆ ಕಾರಣಗಳನ್ನ ಮಾತ್ರ ನಾನು ತಳ್ಳಿಹಾಕಲ್ಲ. 2022ರ ಜೂನ್‌ನಲ್ಲಿ ಅಲ್ಲಿ ಹಣದುಬ್ಬರ 9.1 ಪರ್ಸೆಂಟ್ ಮುಟ್ಟಿತ್ತು, 40 ವರ್ಷದಲ್ಲೇ ಜಾಸ್ತಿ. ಆಮೇಲೆ ಇಳಿಯಿತು ನಿಜ, ಆದರೆ ಏರೋ ವೇಗ ಇಳಿಯಿತೇ ಹೊರತು ಬೆಲೆ ಇಳಿಯಲಿಲ್ಲ. ಮೊಟ್ಟೆ ತರೋಕೆ ಹೋದವನಿಗೆ ಈ ವ್ಯತ್ಯಾಸ ವಿವರಿಸೋಕೆ ಹೋದರೆ ಬೈಸಿಕೊಳ್ಳಬೇಕು. ಇನ್ನೊಂದು ಸಿಟ್ಟು ಡೆಮಾಕ್ರಟಿಕ್ ಪಕ್ಷದ ಮೇಲೆ. ಬೈಡನ್‌ಗೆ ಆಗಲ್ಲ ಅನ್ನೋದನ್ನ ಕೊನೆವರೆಗೂ ಮುಚ್ಚಿಟ್ಟರು, 2024ರ ಜೂನ್ 27ರಂದು ಟ್ರಂಪ್ ಜೊತೆಗಿನ ಟಿವಿ ಚರ್ಚೆಯಲ್ಲಿ ಜಗತ್ತಿಗೇ ಗೊತ್ತಾಯಿತು, ಜುಲೈ 21ಕ್ಕೆ ಅವರು ಹಿಂದೆ ಸರಿದರು, ಪಕ್ಷದ ಮತದಾರರನ್ನು ಮತ್ತೊಮ್ಮೆ ಕೇಳದೇನೇ ಕಮಲಾ ಹ್ಯಾರಿಸ್ ಅಭ್ಯರ್ಥಿ ಆದರು. "ನಮ್ಮನ್ನ ಕೇಳ್ದೇ ತಟ್ಟೆಗೆ ಬಡಿಸಿದ್ರೆ ತಿನ್ಬೇಕಾ?" ಅಂದರು ಭಾವ. ನ್ಯಾಯವಾದ ಪ್ರಶ್ನೆ.

ಆದರೆ "ಟ್ಯಾಕ್ಸ್ ಕಮ್ಮಿ ಮಾಡ್ತಾನೆ" ಅಂದಾಗ ಮಾತ್ರ ಅಕ್ಕ ಫೋನು ಕಿತ್ತುಕೊಂಡಳು. 2017ರಲ್ಲಿ ಟ್ರಂಪ್ ತಂದ ತೆರಿಗೆ ಕಾನೂನಿನಲ್ಲೇ, ರಾಜ್ಯಕ್ಕೂ ಊರಿಗೂ ಕಟ್ಟಿದ ತೆರಿಗೆಯನ್ನು ಆದಾಯದಿಂದ ಕಳೆಯೋದಕ್ಕೆ 10,000 ಡಾಲರ್ ಮಿತಿ ಹಾಕಿದ್ದರು. ಮನೆ ತೆರಿಗೆ ವಿಪರೀತ ಇರೋ ನ್ಯೂಜೆರ್ಸಿಯಂಥ ರಾಜ್ಯಕ್ಕೇ ಅದು ಹೊಡೆತ. ಮನೆಯ ತೆರಿಗೆ ಪೇಪರು ತುಂಬೋದು ಅಕ್ಕ. ಭಾವ ಸುಮ್ಮನಾದರು. ತಮ್ಮ ಜೇಬಿನ ಲೆಕ್ಕ ಅಂತ ಜನ ಹೇಳೋದು ಎಷ್ಟೋ ಸಲ ಜೇಬಿನ ಲೆಕ್ಕ ಆಗಿರೋದೇ ಇಲ್ಲ.

ಮತ್ತೆ "ನಮ್ಮವರು" ಅನ್ನೋ ಲೆಕ್ಕ. ಕಮಲಾ ತಾಯಿಯ ಕಡೆಯವರು ತಮಿಳುನಾಡಿನ ತಿರುವಾರೂರು ಜಿಲ್ಲೆಯವರು ಅಂತ ತಿಳಿದದ್ದೇ ಅಪ್ಪ "ಕಾವೇರಿ ಡೆಲ್ಟಾದವ್ರಾ? ಗೆದ್ರೆ ಮೊದ್ಲು ನೀರು ಬಿಡಿ ಅಂತಾರೆ ನೋಡು" ಅಂದರು. ಆ ಕಡೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತ ಜೆ.ಡಿ. ವ್ಯಾನ್ಸ್ ಪತ್ನಿ ಉಷಾ ತೆಲುಗು ಮನೆತನದವರು. ಕನ್ನಡನಾಡಿನ ಪಾಲಿಗೆ ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್ ಇದ್ದಾರೆ, ಮಿಶಿಗನ್ನಿನ ಸಂಸದ. ಖುಷಿಪಡೋಣ, ಅಷ್ಟೇ. ಓಟು ಹಾಕೋಕೆ ಇದು ಕಾರಣ ಆಗಲ್ಲ. "ಟ್ರಂಪ್ ಇಂಡಿಯಾ ಫ್ರೆಂಡು" ಅನ್ನೋದಂತೂ ಇನ್ನೂ ಟೊಳ್ಳು. 2019ರಲ್ಲಿ ಹ್ಯೂಸ್ಟನ್ನಿನಲ್ಲಿ ಹೌಡಿ ಮೋದಿ, 2020ರ ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ನಮಸ್ತೆ ಟ್ರಂಪ್, ಕೈ ಕೈ ಹಿಡಿದು ಸ್ಟೇಡಿಯಂ ಸುತ್ತಿದ್ದು ಎಲ್ಲ ನೋಡಿದೆವು. 2025ರ ಆಗಸ್ಟ್ 27ಕ್ಕೆ ಅದೇ ಫ್ರೆಂಡು ನಮ್ಮ ಸರಕಿನ ಮೇಲಿನ ಸುಂಕವನ್ನು 50 ಪರ್ಸೆಂಟ್‌ಗೆ ಏರಿಸಿದ್ದರು. ಆ ಸುಂಕ ಆಮೇಲೆ ಅಮೆರಿಕದ ಕೋರ್ಟು ಮೆಟ್ಟಿಲು ಹತ್ತಿದ್ದು ಬೇರೆ ಕಥೆ.

ಅಕ್ಕ ಭಾವ ಇಬ್ಬರೂ ನಿಜವಾಗಿ ಬಿಸಿಯಾಗಿದ್ದು ಮಗಳ ವಿಷಯಕ್ಕೆ. ಹದಿನೇಳು ವರ್ಷ, ಕಾಲೇಜಿಗೆ ಅರ್ಜಿ ಹಾಕುತ್ತಿದ್ದಳು. ಟ್ರಂಪ್ ಮೊದಲ ಸಲ ಅಧ್ಯಕ್ಷರಾಗಿದ್ದಾಗ ಸುಪ್ರೀಂ ಕೋರ್ಟಿಗೆ ಮೂವರು ಜಡ್ಜ್‌ಗಳನ್ನು ನೇಮಿಸಿದರು: ಗೋರ್ಸಚ್, ಕವನಾ, ಬ್ಯಾರೆಟ್. ಅಲ್ಲಿ ಆ ಹುದ್ದೆಗೆ ನಿವೃತ್ತಿ ವಯಸ್ಸಿಲ್ಲ, ಬದುಕಿರೋವರೆಗೂ ಕೂರಬಹುದು. 2023ರ ಜೂನ್‌ನಲ್ಲಿ ಆ ಕೋರ್ಟು, ಕಾಲೇಜು ಸೀಟು ಕೊಡುವಾಗ ಜನಾಂಗ ನೋಡಬಾರದು ಅಂತ ಹಾರ್ವರ್ಡ್ ಕೇಸಿನಲ್ಲಿ ತೀರ್ಪು ಕೊಟ್ಟಿತು. ಏಷ್ಯಾ ಮೂಲದ ಮಕ್ಕಳಿಗೆ ಅನ್ಯಾಯ ಆಗುತ್ತಿತ್ತು ಅನ್ನೋದೇ ಆ ಕೇಸಿನ ವಾದ. ಎಡಿಸನ್ನಿನ ಎಷ್ಟೋ ನಮ್ಮ ಮನೆಗಳಲ್ಲಿ ಅವತ್ತು ಪಾಯಸ ಮಾಡಿರಬೇಕು. ಅದೇ ಕೋರ್ಟು ಒಂದು ವರ್ಷ ಮೊದಲು, 2022ರ ಜೂನ್ 24ಕ್ಕೆ, ಗರ್ಭಪಾತ ಸಂವಿಧಾನದ ಹಕ್ಕಲ್ಲ, ಆಯಾ ರಾಜ್ಯ ನೋಡಿಕೊಳ್ಳಲಿ ಅಂದಿತ್ತು.

ಭಾವನಿಗೆ ಮೊದಲ ತೀರ್ಪು ಕಾಣುತ್ತದೆ, ಅಕ್ಕನಿಗೆ ಎರಡನೇದು. ನ್ಯೂಜೆರ್ಸಿಯಲ್ಲಿ ಕಾನೂನು ಹೆಣ್ಣುಮಕ್ಕಳ ಪರ ಇದೆ, ಏನೂ ಆಗಲ್ಲ ಅಂತ ಭಾವ. "ಅವಳು ಟೆಕ್ಸಾಸ್‌ಗೂ ಅರ್ಜಿ ಹಾಕಿದಾಳೆ ಕಣ್ರೀ" ಅಂತ ಅಕ್ಕ. ಟೆಕ್ಸಾಸ್‌ನಲ್ಲಿ ಹೆಚ್ಚುಕಮ್ಮಿ ಪೂರ್ತಿ ನಿಷೇಧ. ಆಮೇಲೆ ಅವಳು ಹೇಳಿದ ಹೆಸರಿಗೆ ಇಬ್ಬರ ಕಡೆಯೂ ಮಾತು ನಿಂತಿತು. ಸವಿತಾ ಹಾಲಪ್ಪನವರ್. ನಮ್ಮ ಬೆಳಗಾವಿಯ ಹುಡುಗಿ, ಡೆಂಟಿಸ್ಟ್, 31 ವರ್ಷ. 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೇಯಲ್ಲಿ 17 ವಾರದ ಬಸುರಿ. ಮಗು ಉಳಿಯಲ್ಲ ಅಂತ ಗೊತ್ತಾದ ಮೇಲೂ, ಮಗುವಿನ ಎದೆಬಡಿತ ಇನ್ನೂ ಇದೆ ಅನ್ನೋ ಕಾರಣಕ್ಕೆ ಗರ್ಭಪಾತ ಮಾಡಲಿಲ್ಲ, ಸೋಂಕು ಏರಿ ತೀರಿಕೊಂಡರು. ಐರ್ಲೆಂಡಿನ ಜನ 2018ರಲ್ಲಿ ಜನಮತ ಹಾಕಿ ಆ ನಿಷೇಧವನ್ನೇ ಕಿತ್ತುಹಾಕಿದರು. ಕಾನೂನಿನ ಒಂದು ಸಾಲು ಆಸ್ಪತ್ರೆಯ ಮಂಚದ ಹತ್ತಿರ ಬಂದಾಗ ಏನಾಗುತ್ತದೆ ಅಂತ ಬೆಳಗಾವಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹಾಗಂತ ಗರ್ಭಪಾತ ಬೇಡ ಅನ್ನೋರಿಗೆ ಇದೇ ತೀರ್ಪು ದೊಡ್ಡ ಗೆಲುವು, ಅದಕ್ಕೇ ಅಂತಲೇ ಓಟು ಹಾಕಿದವರಿದ್ದಾರೆ. ಅವರನ್ನ ಮರುಳರು ಅನ್ನೋಕೆ ಆಗಲ್ಲ. ಬೆಲೆ, ಸುಂಕ, ಜಡ್ಜ್, ಗಡಿ, ಇವೆಲ್ಲ ನಿಜವಾದ ಜಗಳಗಳು. ಒಂದು ಸಲ ಒಬ್ಬರು ಗೆಲ್ಲುತ್ತಾರೆ, ಇನ್ನೊಂದು ಸಲ ಇನ್ನೊಬ್ಬರು. ತಪ್ಪಾದರೆ ನಾಲ್ಕು ವರ್ಷಕ್ಕೆ ತಿದ್ದಬಹುದು, ಜಡ್ಜ್‌ಗಳ ವಿಷಯಕ್ಕೆ ಸ್ವಲ್ಪ ಜಾಸ್ತಿ ಕಾಯಬೇಕು. ಇದೆಲ್ಲ ನಡೆಯೋದು ಒಂದು ನಂಬಿಕೆ ಮೇಲೆ. ಸೋತವರು ಎದ್ದು ಮನೆಗೆ ಹೋಗುತ್ತಾರೆ ಅನ್ನೋ ನಂಬಿಕೆ.

ನನ್ನ ತಕ್ಕಡಿ ವಾಲೋದು ಇಲ್ಲಿ.

2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ 40,751 ಓಟು ತಗೊಂಡರು. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ 40,752. ಒಂದೇ ಒಂದು ಓಟು. ಕೃಷ್ಣಮೂರ್ತಿಯವರ ಡ್ರೈವರಿಗೇ ಅವತ್ತು ಓಟು ಹಾಕೋಕೆ ಆಗಲಿಲ್ಲವಂತೆ ಅನ್ನೋ ಕಥೆ ಈಗಲೂ ಆ ಕಡೆ ಓಡಾಡುತ್ತದೆ. ಹೊಟ್ಟೆ ಎಷ್ಟು ಉರಿದಿರಬೇಕು ಯೋಚನೆ ಮಾಡಿ. ಆದರೂ ಗೆದ್ದವರು ವಿಧಾನಸೌಧಕ್ಕೆ ಹೋದರು, ಸೋತವರು ಮತ್ತೆ ಮತ್ತೆ ಜನರ ಹತ್ತಿರ ಬಂದರು, 2023ರಲ್ಲಿ ಕೊಳ್ಳೇಗಾಲದಿಂದ ಕಾಂಗ್ರೆಸ್ ಟಿಕೆಟ್‌ನಲ್ಲಿ ಭರ್ಜರಿಯಾಗಿ ಗೆದ್ದರು. ಹತ್ತೊಂಬತ್ತು ವರ್ಷ.

2020ರಲ್ಲಿ ಟ್ರಂಪ್ ಜಾರ್ಜಿಯಾದಲ್ಲಿ ಸೋತಿದ್ದು 11,779 ಓಟಿನಿಂದ. ಮರುಎಣಿಕೆ ಕೇಳಿದರು, ಸರಿ. ಬೇರೆ ಬೇರೆ ರಾಜ್ಯಗಳ ಕೋರ್ಟುಗಳಿಗೆ ಹೋದರು, ಅದೂ ಸರಿ, ಅದಕ್ಕೇ ಕೋರ್ಟಿರೋದು. ಹೆಚ್ಚುಕಮ್ಮಿ ಎಲ್ಲ ಕಡೆ ಕೇಸು ಬಿದ್ದುಹೋಯಿತು. ಆಮೇಲೆ 2021ರ ಜನವರಿ 2ಕ್ಕೆ ಜಾರ್ಜಿಯಾದ ಚುನಾವಣೆ ನೋಡಿಕೊಳ್ಳೋ ಬ್ರ್ಯಾಡ್ ರಾಫೆನ್‌ಸ್ಪರ್ಗರ್‌ಗೆ ಫೋನ್ ಮಾಡಿ, ನನಗೆ 11,780 ಓಟು ಹುಡುಕಿಕೊಡಿ ಅಂತ ಕೇಳಿದರು. ಲೆಕ್ಕ ನೋಡಿ. ಸೋತ ಅಂತರಕ್ಕಿಂತ ಸರಿಯಾಗಿ ಒಂದು ಜಾಸ್ತಿ. ಆ ಫೋನಿನ ರೆಕಾರ್ಡಿಂಗ್ ಎಲ್ಲರೂ ಕೇಳಿದ್ದಾರೆ. ನಾಲ್ಕು ದಿನಕ್ಕೆ, ಜನವರಿ 6ರಂದು, ಫಲಿತಾಂಶಕ್ಕೆ ಮೊಹರು ಬೀಳೋ ಹೊತ್ತಿಗೆ ಅವರ ಬೆಂಬಲಿಗರು ಸಂಸತ್ ಭವನಕ್ಕೆ ನುಗ್ಗಿದರು.

"ಏನಾಯ್ತು ಆಮೇಲೆ? ಬೈಡನ್ ಬಂದ್ರಲ್ಲ, ಸಿಸ್ಟಮ್ ಗಟ್ಟಿ ಇದೆ ಬಿಡು" ಅಂದರು ಭಾವ. ಬೀಗ ಗಟ್ಟಿ ಇತ್ತು ಅನ್ನೋದು ಬೀಗದ ಗುಣ ಭಾವ, ಬಾಗಿಲು ಅಲ್ಲಾಡಿಸಿದವರ ಗುಣ ಅಲ್ಲ. ರಾಫೆನ್‌ಸ್ಪರ್ಗರ್ ಟ್ರಂಪ್ ಪಕ್ಷದವರೇ, ಟ್ರಂಪ್‌ಗೇ ಓಟು ಹಾಕಿದವರು. ಆಗಲ್ಲ ಅಂದರು. ಫಲಿತಾಂಶಕ್ಕೆ ಮೊಹರು ಬೀಳದ ಹಾಗೆ ತಡೆಯಿರಿ ಅಂದಾಗ ಉಪಾಧ್ಯಕ್ಷ ಮೈಕ್ ಪೆನ್ಸ್ ಕೂಡ ಆಗಲ್ಲ ಅಂದರು. ಮುಂದಿನ ಸಲ ಆ ಕುರ್ಚಿಗಳಲ್ಲಿ ಯಾರು ಕೂತಿರುತ್ತಾರೆ? 2024ರ ಟಿಕೆಟ್‌ನಲ್ಲಿ ಪೆನ್ಸ್ ಹೆಸರು ಇರಲಿಲ್ಲ ಅನ್ನೋದು ಆಕಸ್ಮಿಕ ಏನಲ್ಲ.

ನಾನು ಅವತ್ತು ಭಾವನ ತಮ್ಮನಿಗೆ ಹೇಳಿದ್ದು ಇಷ್ಟೇ. ನಿನಗೆ ಅವರ ಆರ್ಥಿಕ ನೀತಿ ಇಷ್ಟ ಇರಬಹುದು, ನನಗೂ ಒಂದೆರಡು ವಿಷಯದಲ್ಲಿ ಸರಿ ಅನಿಸುತ್ತದೆ. ಆದರೆ ಓಟನ್ನೇ ತಿದ್ದೋಕೆ ಫೋನ್ ಮಾಡಿದವರಿಗೆ ನಾನಾಗಿದ್ದರೆ ಓಟು ಹಾಕುತ್ತಿರಲಿಲ್ಲ. ಬೇರೆ ಎಲ್ಲ ತಪ್ಪನ್ನೂ ತಿದ್ದೋ ಸಾಧನಕ್ಕೇ ಅವರು ಕೈ ಹಾಕಿದ್ದು.

"ಹಂಗಂತ ಆಯಮ್ಮನಿಗೆ ಹಾಕೋಕೂ ಮನಸ್ಸಿಲ್ಲ ಮಾರಾಯ. ನೋಟಾ ಇಲ್ವಾ?" ಅಂದ. ನೆವಾಡಾ ರಾಜ್ಯ ಬಿಟ್ಟರೆ ಅಲ್ಲಿ ಅಂಥದ್ದಿಲ್ಲ. ಇದ್ದರೂ ಏನು, 2024ರಲ್ಲಿ ಇಂದೋರ್ ಲೋಕಸಭಾ ಕ್ಷೇತ್ರದಲ್ಲಿ ನೋಟಾಗೆ 2 ಲಕ್ಷಕ್ಕೂ ಜಾಸ್ತಿ ಓಟು ಬಿತ್ತು, ಬಿಜೆಪಿ ಅಭ್ಯರ್ಥಿ 11 ಲಕ್ಷಕ್ಕೂ ಜಾಸ್ತಿ ಅಂತರದಲ್ಲಿ ಆರಾಮಾಗಿ ಗೆದ್ದರು. ಸಣ್ಣ ಪಕ್ಷಕ್ಕೆ ಹಾಕೋದು ನ್ಯೂಜೆರ್ಸಿಯಲ್ಲಾದರೆ ಮನಸ್ಸಿನ ಸಮಾಧಾನಕ್ಕೆ ಸರಿ. ಪೆನ್ಸಿಲ್ವೇನಿಯಾದಲ್ಲಿ ಹಾಗಲ್ಲ. 2000ನೇ ಇಸವಿಯಲ್ಲಿ ಫ್ಲಾರಿಡಾದಲ್ಲಿ ಬುಷ್ ಗೆದ್ದಿದ್ದು 537 ಓಟಿನಿಂದ, ಗ್ರೀನ್ ಪಾರ್ಟಿಯ ರಾಲ್ಫ್ ನೇಡರ್‌ಗೆ ಅಲ್ಲಿ 97 ಸಾವಿರ ಓಟು ಬಿದ್ದಿತ್ತು. ಸಕಲೇಶಪುರಕ್ಕೆ ಹೋಗಿ ಕೂರೋದೂ ಒಂದು ಥರ ಓಟೇ ಅಂತ ನನಗೆ ತಡವಾಗಿ ಗೊತ್ತಾಯಿತು.

ಟ್ರಂಪ್ 312 ಎಲೆಕ್ಟರ್‌ಗಳೊಂದಿಗೆ ಗೆದ್ದರು. ಪೆನ್ಸಿಲ್ವೇನಿಯಾದಲ್ಲಿ ಅಂತರ 1 ಲಕ್ಷ 20 ಸಾವಿರ. ನ್ಯೂಜೆರ್ಸಿ ಕೋಟೆ ಬೀಳಲಿಲ್ಲ, ಆದರೆ 2020ರಲ್ಲಿ 16 ಪರ್ಸೆಂಟ್ ಇದ್ದ ಅಂತರ ಆರಕ್ಕೆ ಇಳಿಯಿತು, ಭಾವನಂಥವರು ಬಹಳ ಇದ್ದರು ಅಂತ ಆಯಿತು. ಕುರ್ಚಿಯಲ್ಲಿ ಕೂತ ಮೊದಲ ದಿನವೇ, 2025ರ ಜನವರಿ 20ಕ್ಕೆ, ಜನವರಿ 6ರ ದಾಳಿಯ ಕೇಸಿನಲ್ಲಿದ್ದ ಸುಮಾರು 1,500 ಜನರಿಗೆ ಕ್ಷಮಾದಾನ ಕೊಟ್ಟರು. ಭಾವನ ತಮ್ಮ ಯಾರಿಗೆ ಹಾಕಿದ ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ.

2025ರ ಸೆಪ್ಟೆಂಬರ್ ಬಂತು. ಪಕ್ಕದ ಮನೆಯ ಹುಡುಗ ಮಹಾಲಯ ಅಮಾವಾಸ್ಯೆಗೆ ಎಡೆ ಇಡೋಕೆ ಅಂತ ಸಿಯಾಟಲ್‌ನಿಂದ ಬಂದಿದ್ದ. ಹಬ್ಬದ ಹಿಂದಿನ ದಿನ, ಶನಿವಾರ ಬೆಳಗ್ಗೆ ಸುದ್ದಿ: ಎಚ್-1ಬಿ ವೀಸಾಗೆ 1 ಲಕ್ಷ ಡಾಲರ್ ಫೀಸು, ಭಾನುವಾರದಿಂದಲೇ ಜಾರಿ. ಸಂಸತ್ತಿನಲ್ಲಿ ಚರ್ಚೆ ಇಲ್ಲ, ಏನಿಲ್ಲ, ಅಧ್ಯಕ್ಷರ ಒಂದು ಘೋಷಣೆ ಅಷ್ಟೇ. ಹಳೇ ವೀಸಾದವರಿಗೂ ಬೀಳುತ್ತಾ ಅಂತ ಯಾರಿಗೂ ಗೊತ್ತಿಲ್ಲ. ಕಂಪನಿಯಿಂದ ಮೆಸೇಜು, ತಕ್ಷಣ ವಾಪಸ್ ಬನ್ನಿ ಅಂತ. ಆ ಹುಡುಗ ಸಿಕ್ಕ ರೇಟಿಗೆ ಟಿಕೆಟ್ ತಗೊಂಡು ದೇವನಹಳ್ಳಿಗೆ ಓಡಿದ. ಎಡೆಯನ್ನು ಅವರಪ್ಪ ಒಬ್ಬರೇ ಇಟ್ಟರು. ಆಮೇಲೆ ಶ್ವೇತಭವನದಿಂದ ಸ್ಪಷ್ಟನೆ ಬಂತು, ಇದು ಹೊಸ ಅರ್ಜಿಗೆ ಮಾತ್ರ ಅಂತ. ಗ್ರೀನ್ ಕಾರ್ಡಿಗೆ ಕಾಯೋ ನಮ್ಮವರ ಉದ್ದದ ಕ್ಯೂ ಇದೆಯಲ್ಲ, ಅದನ್ನ ಕರಗಿಸೋಕೆ ಮಾತ್ರ ಯಾವ ಅಧ್ಯಕ್ಷರ ಸಹಿಯೂ ಸಾಲದು. ಒಂದು ದೇಶಕ್ಕೆ 7 ಪರ್ಸೆಂಟ್ ಅನ್ನೋ ಮಿತಿ ಕಾನೂನಿನಲ್ಲೇ ಇದೆ, ಬದಲಾಯಿಸಬೇಕಾದ್ದು ಸಂಸತ್ತು, ಎರಡೂ ಪಕ್ಷದವರು ವರ್ಷಗಟ್ಟಲೆ ಮುಂದೆ ತಳ್ಳಿಕೊಂಡೇ ಬಂದಿದ್ದಾರೆ.

ಆ ಭಾನುವಾರ ಸಂಜೆ ಭಾವನ ತಮ್ಮ ಫೋನ್ ಮಾಡಿದ್ದ. 2026ರ ನವೆಂಬರ್ 3ಕ್ಕೆ ಅವನಿಗೆ ಮತ್ತೆ ಓಟು, ಈ ಸಲ ಸಂಸದರಿಗೆ. "ಜನವರಿ 6ರ ರಾತ್ರಿ ಪೊಲೀಸರು ಎಲ್ರನ್ನೂ ಹೊರಗೆ ಹಾಕಿದ ಮೇಲೂ, ಆ ರಿಸಲ್ಟ್ ಒಪ್ಪಲ್ಲ ಅಂತ ಯಾರ್ಯಾರು ಕೈ ಎತ್ತಿದ್ರು ಅಂತ ಲಿಸ್ಟ್ ಸಿಗುತ್ತಾ?" ಸಿಗುತ್ತದೆ. 147 ಹೆಸರು, ಎರಡೂ ಸದನ ಸೇರಿ. ಅವನ ಏರಿಯಾದವರು ಅದರಲ್ಲಿದ್ದಾರಾ ಅಂತ ಇಬ್ಬರೂ ಫೋನಿನಲ್ಲೇ ಹುಡುಕಿದೆವು.

ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಅಪ್ಪ ಕನ್ನಡಕ ಇಳಿಸಿದರು. ಬಿಬಿಎಂಪಿಗೆ ನಾವು ಕೊನೇ ಸಲ ಓಟು ಹಾಕಿದ್ದು 2015ರಲ್ಲಿ, ಆ ಅವಧಿ ಮುಗಿದಿದ್ದು 2020ರಲ್ಲಿ. 2025ರ ಅದೇ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿತ್ತು, ಕಾರ್ಪೊರೇಟರ್‌ಗಳು ಮಾತ್ರ ಒಬ್ಬರೂ ಇರಲಿಲ್ಲ.

"ಅವ್ರಿಗೆ ಎರಡು ವರ್ಷಕ್ಕೊಂದ್ಸಲ ಬರುತ್ತಲ್ಲೋ," ಅಂದರು. "ನಮ್ಮ ಕಾರ್ಪೊರೇಷನ್ ಓಟು ಯಾವಾಗಂತೆ?"